ಗೀಸರಿನ ತಂತಿಗೆ ಕೈ ಬೇಡ, ಕಣ್ಣಿರಲಿ

ಪುತ್ತೂರು, ಸುಳ್ಯ, ಕಡಬದ ಕಡೆ ಯಾವುದಾದರೂ ಮನೆಯ ಮಕ್ಕಳು ಬಿ.ಇ. ಸೇರಿದರೆ ಕಾಲೇಜಿನ ಐಡಿ ಕಾರ್ಡ್ ಕೈಗೆ ಸಿಗುವ ಮೊದಲೇ ಕುಟುಂಬದಲ್ಲಿ ಇನ್ನೊಂದು ಹುದ್ದೆ ಸಿಕ್ಕಿರುತ್ತದೆ. ಅದು ಸಂಬಳವಿಲ್ಲದ ಇಲೆಕ್ಟ್ರಿಷಿಯನ್ ಹುದ್ದೆ. ಯಾವ ಬ್ರಾಂಚ್ ಎಂದು ಯಾರೂ ಕೇಳುವುದಿಲ್ಲ. ಸಿವಿಲ್ ಆದರೂ ಸರಿ, ಕಂಪ್ಯೂಟರ್ ಸೈನ್ಸ್ ಆದರೂ ಸರಿ. ಮಿಕ್ಸಿ ನಿಂತರೆ ಕರೆಯುತ್ತಾರೆ, ಟ್ಯೂಬ್‌ಲೈಟ್ ಮಿನುಗಿದರೆ ಕರೆಯುತ್ತಾರೆ. ನಾನಂತೂ ಇಲೆಕ್ಟ್ರಿಕಲ್ ವಿಭಾಗದ ವಿದ್ಯಾರ್ಥಿ. ಹಾಗಾಗಿ ನನಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಈಚೆಗೆ ಬರುವ ಕರೆಗಳಲ್ಲಿ ಹೆಚ್ಚಿನವು ಬಚ್ಚಲುಮನೆಗೆ ಸಂಬಂಧಿಸಿದವು. 'ಹೊಸ ಗೀಸರ್ ತಂದಿದ್ದೇವೆ, ಹಳೆ ಪಾಯಿಂಟಿಗೇ ಕೊಟ್ಟರೆ ಆಗ್ತದಲ್ವಾ? ನೀನು ಇಂಜಿನಿಯರಿಂಗ್ ಅಲ್ವಾ ಮಾರಾಯ, ಇಷ್ಟು ಮಾಡ್ಲಿಕ್ಕೆ ಆಗುದಿಲ್ವಾ?'

ಆಗುವುದಿಲ್ಲ ಎಂಬುದೇ ನನ್ನ ಉತ್ತರ. ಅದು ಸೋಮಾರಿತನದಿಂದ ಬಂದ ಮಾತಲ್ಲ. ಗೀಸರಿನ ಸರ್ಕ್ಯೂಟ್ ಬದಲಿಸುವ ಕೆಲಸವನ್ನು ನಮ್ಮಂತಹ ವಿದ್ಯಾರ್ಥಿಗಳು ಮಾಡಬಾರದು, ಮನೆಯವರು ತಾವಾಗಿ ಮಾಡಬಾರದು, ಪೈಪ್ ಜೋಡಿಸಲು ಬಂದ ಪ್ಲಂಬರ್ ಅಂತೂ ಮಾಡಲೇಬಾರದು. ಕಾನೂನು ಹೇಳುವುದೂ ಇದನ್ನೇ. ಆದರೆ 'ಕೈ ಹಾಕಬೇಡಿ' ಎಂದಷ್ಟೇ ಹೇಳಿ ಸುಮ್ಮನಾದರೆ ಅದೂ ಬೇಜವಾಬ್ದಾರಿಯೇ. ಕೈ ಹಾಕದಿದ್ದರೂ ಕಣ್ಣು ಹಾಕಬೇಕು. ಏನು ಕೆಲಸ ಆಗುತ್ತಿದೆ, ಸರಿಯಾಗಿ ಆಗಿದೆಯೇ ಎಂದು ಕೇಳುವಷ್ಟು ತಿಳಿವಳಿಕೆ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಇರಬೇಕು. ಆ ಒಬ್ಬರು ಕಾಲೇಜಿಗೆ ಹೋಗುವ ನಾವೇ ಯಾಕಾಗಬಾರದು?

ಹಂಡೆ ಹೋಯಿತು, ವೈರಿಂಗ್ ಉಳಿಯಿತು

ನಮ್ಮ ಅಜ್ಜಿಯ ಕಾಲದಲ್ಲಿ ಬಿಸಿನೀರು ಎಂದರೆ ಹಂಡೆ. ತೆಂಗಿನ ಮಡಲು, ಕೊತ್ತಳಿಗೆ, ಅಡಿಕೆ ಸೋಗೆ, ತೋಟದಲ್ಲಿ ಬಿದ್ದದ್ದೆಲ್ಲ ಬಚ್ಚಲ ಒಲೆಗೆ ಹೋಗುತ್ತಿತ್ತು. ಈಗಲೂ ಒಳಗಿನ ಹಳ್ಳಿಗಳಲ್ಲಿ ಹಂಡೆ ಇದೆ. ಆದರೆ ಮನೆಯಲ್ಲಿ ಉಳಿದಿರುವುದು ವಯಸ್ಸಾದ ಇಬ್ಬರು, ಮಕ್ಕಳು ಬೆಂಗಳೂರಿನಲ್ಲಿ. ಮಳೆಗಾಲದಲ್ಲಿ ಒದ್ದೆ ಸೌದೆ ಊದುವವರು ಯಾರು? ಊರಿಗೆ ಬಂದ ಮಗ ಒಂದು ಗೀಸರ್ ತಂದುಕೊಟ್ಟು ಹೋಗುತ್ತಾನೆ. ಪ್ರೀತಿಯಿಂದಲೇ ತರುತ್ತಾನೆ. ಆದರೆ ಗೀಸರ್ ಹೊಸದು, ಅದಕ್ಕೆ ಕರೆಂಟ್ ಕೊಡುವ ತಂತಿ ಹಳೆಯದು.

ನಮ್ಮ ಕಡೆಯ ಎಷ್ಟೋ ಮನೆಗಳ ವೈರಿಂಗ್ ನಾಲ್ಕು ಬಲ್ಬ್, ಎರಡು ಫ್ಯಾನ್, ಒಂದು ರೇಡಿಯೊ ಇದ್ದ ಕಾಲದ್ದು. ಭಾಗ್ಯಜ್ಯೋತಿಯಲ್ಲಿ ಒಂದೇ ಬಲ್ಬಿನ ಸಂಪರ್ಕ ಪಡೆದ ಮನೆಗಳೂ ಇವೆ. ಆಮೇಲೆ ಟಿ.ವಿ. ಬಂತು, ಗ್ರೈಂಡರ್ ಬಂತು, ಫ್ರಿಜ್ ಬಂತು. ಪ್ರತಿ ಸಲವೂ ಇದ್ದ ತಂತಿಗೇ ಒಂದು ಕವಲು ಸೇರಿಸಿದರು. ಕೊನೆಗೆ ಬಂದದ್ದು ಗೀಸರ್. ಇದು ಉಳಿದ ಉಪಕರಣಗಳ ಹಾಗೆ ಅಲ್ಲ. 9 ವ್ಯಾಟಿನ ಎಲ್‌ಇಡಿ ಬಲ್ಬಿನ ಪಕ್ಕದಲ್ಲಿ 3,000 ವ್ಯಾಟಿನ ಗೀಸರ್ ಇಟ್ಟು ನೋಡಿ. ಮುನ್ನೂರಕ್ಕೂ ಹೆಚ್ಚು ಬಲ್ಬುಗಳ ಹೊರೆಯನ್ನು ಒಂದೇ ಸ್ವಿಚ್ಚು ತಂತಿಯ ಮೇಲೆ ಹಾಕುತ್ತದೆ.

ಲೆಕ್ಕ ಕಷ್ಟದ್ದಲ್ಲ, ಪಿಯುಸಿ ಭೌತಶಾಸ್ತ್ರ ಸಾಕು. 3,000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 13 ಆಂಪಿಯರ್. ಮೀಟರ್ ಬೋರ್ಡಿನಿಂದ ಬಚ್ಚಲಿಗೆ 15 ಮೀಟರ್ ದೂರ ಎಂದಿಟ್ಟುಕೊಳ್ಳಿ. ಹೋಗುವ ತಂತಿ, ಬರುವ ತಂತಿ ಸೇರಿ 30 ಮೀಟರ್. ಲೈಟಿಗೆ ಎಳೆದ 1 ಚದರ ಮಿ.ಮೀ. ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.54 ಓಮ್. 13 ಆಂಪಿಯರ್ ಹರಿದಾಗ ತಂತಿಯಲ್ಲೇ ಸುಮಾರು 92 ವ್ಯಾಟ್ ಶಾಖ ಹುಟ್ಟುತ್ತದೆ. ಅಂದರೆ ಗೋಡೆಯೊಳಗಿನ ಪೈಪಿನಲ್ಲಿ ಒಂದು ದೊಡ್ಡ ಹಳೆಯ ಬಲ್ಬ್ ಉರಿದ ಹಾಗೆ! ಅದೇ 2.5 ಚದರ ಮಿ.ಮೀ. ತಂತಿಯಲ್ಲಿ 38 ವ್ಯಾಟ್, 4 ಚದರ ಮಿ.ಮೀ. ತಂತಿಯಲ್ಲಿ 23 ವ್ಯಾಟ್. ಗೀಸರಿಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಯಬೇಕು, ದಪ್ಪ ತಂತಿ ಹಾಕಬೇಕು ಎಂದು ವೈರ್‌ಮನ್ ಹೇಳುವುದು ಬಿಲ್ ಹೆಚ್ಚಿಸಲು ಅಲ್ಲ. ಈ ಶಾಖ ಮೊದಲು ಕಾಡುವುದು ತಂತಿಯ ನಡುಭಾಗವನ್ನಲ್ಲ, ಜೋಡಣೆ ಇರುವ ಜಾಗವನ್ನು. ಸಡಿಲವಾದ ಸ್ಕ್ರೂ, ಟೇಪ್ ಸುತ್ತಿದ ಗಂಟು, 6 ಆಂಪಿಯರಿನ ಸಣ್ಣ ಸಾಕೆಟ್ ಮೊದಲು ಕಪ್ಪಾಗುತ್ತವೆ, ಆಮೇಲೆ ಕರಗುತ್ತವೆ.

ಇಂಗ್ಲೆಂಡಿನ ಶವರ್, ನಮ್ಮೂರಿನ ಗೀಸರ್

ಮೊಬೈಲಿನಲ್ಲಿ ವಿಡಿಯೊ ನೋಡಿ ವೈರಿಂಗ್ ಕಲಿಯುವವರಿಗೆ ಇಲ್ಲಿ ಒಂದು ಮಾತು. 'ಇಲೆಕ್ಟ್ರಿಕ್ ಶವರ್ ವೈರಿಂಗ್' ಎಂದು ಹುಡುಕಿದರೆ ಬರುವ ವಿಡಿಯೊಗಳಲ್ಲಿ ಬ್ರಿಟನ್‌ನವು ಬಹಳ. ಅಲ್ಲಿ ಚಳಿಗಾಲದಲ್ಲಿ ನಲ್ಲಿ ನೀರು ಮಂಜಿನಷ್ಟು ತಣ್ಣಗಿರುತ್ತದೆ. ಅದನ್ನು ಹರಿಯುತ್ತಿರುವಾಗಲೇ ಬಿಸಿ ಮಾಡಲು 8ರಿಂದ 10 ಕಿಲೋವ್ಯಾಟಿನ ಶವರ್ ಬೇಕು, 40 ಆಂಪಿಯರಿನಷ್ಟು ಕರೆಂಟ್ ಬೇಕು, ಸಾಮಾನ್ಯವಾಗಿ 10 ಚದರ ಮಿ.ಮೀ. ಕೇಬಲ್ ಹಾಕುತ್ತಾರೆ. ನಮ್ಮಲ್ಲಿ ಟ್ಯಾಂಕಿನ ನೀರೇ ಸುಮಾರು 26 ಡಿಗ್ರಿ ಇರುತ್ತದೆ. ನಿಮಿಷಕ್ಕೆ 3 ಲೀಟರ್ ಹರಿಯುವ ನೀರನ್ನು 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ 14 ಡಿಗ್ರಿಯಷ್ಟು ಏರಿಸುತ್ತದೆ. 26ಕ್ಕೆ 14 ಸೇರಿದರೆ 40, ಮೀಯಲು ಹದವಾದ ಬಿಸಿ. ಆದ್ದರಿಂದ ಅಲ್ಲಿಯ ತಂತಿ, ಅಲ್ಲಿಯ ಬಣ್ಣ, ಅಲ್ಲಿಯ ಅರ್ಥಿಂಗ್ ಪದ್ಧತಿ ನೋಡಿ ಇಲ್ಲಿ ಕೆಲಸ ಮಾಡುವುದು ಬೇರೆ ಊರಿನ ಬಸ್ಸಿನ ಟೈಮ್‌ಟೇಬಲ್ ಹಿಡಿದು ಪುತ್ತೂರು ಬಸ್ ನಿಲ್ದಾಣದಲ್ಲಿ ಕಾದಂತೆ.

ನಮಗೆ ಬೇರೆಯೇ ತೊಂದರೆಯಿದೆ. ಅದು ಲೋ ವೋಲ್ಟೇಜ್. ಸುಳ್ಯಕ್ಕೆ 110 ಕೆ.ವಿ. ಸಬ್‌ಸ್ಟೇಷನ್ ಬೇಕೆಂಬ ಬೇಡಿಕೆ ಎಷ್ಟು ಹಳೆಯದು ಎಂಬುದು ಅಲ್ಲಿಯವರಿಗೆ ಗೊತ್ತು. ಬೇಸಗೆಯಲ್ಲಿ ತೋಟದ ಪಂಪ್‌ಗಳೆಲ್ಲ ಒಟ್ಟಿಗೆ ಓಡುವಾಗ ಮನೆಯ ಬಲ್ಬ್ ಮಂಕಾಗುವುದನ್ನು ನಾವೆಲ್ಲ ನೋಡಿದ್ದೇವೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ 3,000 ವ್ಯಾಟಿನ ಗೀಸರ್ ಕೊಡುವುದು ಸುಮಾರು 1,840 ವ್ಯಾಟ್ ಮಾತ್ರ. ನೀರು ಬೇಗ ಬಿಸಿಯಾಗುವುದಿಲ್ಲ. ಆಗ ಏನು ಮಾಡುತ್ತೇವೆ? ಸ್ವಿಚ್ ಆನ್ ಇಟ್ಟುಕೊಂಡೇ ಸ್ನಾನಕ್ಕೆ ಇಳಿಯುತ್ತೇವೆ. ಇನ್‌ಸ್ಟಂಟ್ ಗೀಸರ್ ಆದರೆ ಆನ್ ಇಡಲೇಬೇಕು. ಒದ್ದೆ ಮೈ, ಬರಿಗಾಲು, ಒದ್ದೆ ನೆಲ, ತಲೆಯ ಮೇಲೆ ಕರೆಂಟ್. ಈ ಹೊತ್ತಿನಲ್ಲಿ ನಮ್ಮನ್ನು ಕಾಯುವುದು ಗೀಸರಿನ ಕಂಪೆನಿಯ ಹೆಸರಲ್ಲ, ಗೋಡೆಯೊಳಗಿನ ಹಸಿರು ತಂತಿ.

ಹಸಿರು ತಂತಿಯ ಲೆಕ್ಕ

ಈ ಹಸಿರು ತಂತಿ, ಅಂದರೆ ಅರ್ಥ್ ವೈರ್, ನಮ್ಮ ಕಡೆ ಅತಿ ಹೆಚ್ಚು ಕಡೆಗಣಿಸಲ್ಪಟ್ಟ ವಸ್ತು. ಅದಿಲ್ಲದಿದ್ದರೂ ಗೀಸರ್ ಕೆಲಸ ಮಾಡುತ್ತದೆ, ನೀರು ಬಿಸಿಯಾಗುತ್ತದೆ. ಹಾಗಾಗಿ ಅದಿಲ್ಲ ಎಂದು ಯಾರಿಗೂ ತಿಳಿಯುವುದಿಲ್ಲ. ಗಡಸು ನೀರಿನಿಂದ ಗೀಸರಿನೊಳಗಿನ ಕಾಯಿಸುವ ಸುರುಳಿಗೆ ಉಪ್ಪು ಕಟ್ಟುತ್ತದೆ, ವರ್ಷಗಳು ಕಳೆದಂತೆ ಅದರ ಹೊರಕವಚ ತೂತಾಗುತ್ತದೆ. ಆಗ ಕರೆಂಟ್ ನೀರಿಗೆ, ಗೀಸರಿನ ಮೈಗೆ, ಲೋಹದ ನಲ್ಲಿಗೆ ಬರುತ್ತದೆ.

ನಮ್ಮ ಮನೆ ಕಡಬ ತಾಲೂಕಿನ ಒಂದು ಒಳಹಳ್ಳಿಯಲ್ಲಿದೆ. ಕೆಲವು ವರ್ಷಗಳ ಹಿಂದೆ ಬಚ್ಚಲುಮನೆ ಹೊಸದು ಮಾಡಿದಾಗ ಗೀಸರ್ ಬಂತು. 'ನಲ್ಲಿ ಮುಟ್ಟಿದರೆ ಸಣ್ಣಕ್ಕೆ ಶಾಕ್ ಬರ್ತದೆ' ಎಂದು ಅಮ್ಮ ಒಮ್ಮೆ ಹೇಳಿದರು. ಹೇಳಿದ ರೀತಿ ಹೇಗಿತ್ತೆಂದರೆ, ಅದು ಗೀಸರಿನ ಸ್ವಭಾವವೇ ಏನೋ ಎಂಬಂತೆ. ಅಪ್ಪ ಆ ದಿನವೇ ಗೀಸರ್ ಬಂದ್ ಮಾಡಿಸಿ ಪರ್ಮಿಟ್ ಇರುವ ವೈರ್‌ಮನ್ ಒಬ್ಬರನ್ನು ಕರೆಸಿದರು. ಅವರು ಮೊದಲು ಮೆಯ್ನ್ ತೆಗೆದರು, ಆಮೇಲೆ ಸಾಕೆಟ್ ಬಿಚ್ಚಿದರು, ಮೆಗ್ಗರ್ ಹಿಡಿದು ಪರೀಕ್ಷಿಸಿದರು. ಸಾಕೆಟ್ಟಿನಲ್ಲಿ ಹಸಿರು ತಂತಿ ಇತ್ತು. ಆದರೆ ಅದು ಗೋಡೆಯೊಳಗೆ ಒಂದು ಗೇಣು ಹೋಗಿ ಅಲ್ಲೇ ಮುಗಿದಿತ್ತು. ಯಾವ ಗುಂಡಿಗೂ, ಯಾವ ಬೋರ್ಡಿಗೂ ಸೇರಿರಲಿಲ್ಲ. ನೋಡುವವರ ಸಮಾಧಾನಕ್ಕೆಂದು ಇಟ್ಟ ತಂತಿ ಅದು. ಬಚ್ಚಲಿನ ಕೆಲಸದ ಜತೆಗೆ ವೈರಿಂಗನ್ನೂ 'ಸೇರಿಸಿ' ಮಾಡಿಕೊಟ್ಟವರಿಗೆ ಅದಕ್ಕೆ ಪರವಾನಗಿ ಇರಲಿಲ್ಲ. ನಾವು ಕೇಳಿಯೂ ಇರಲಿಲ್ಲ, ಯಾಕೆಂದರೆ ನಮ್ಮ ಊರಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಗೆಳೆಯರೇ, ಸಣ್ಣ ಶಾಕ್ ಎಂಬುದು ಇಲ್ಲ. ಇಂದು ಕಾಲಿಗೆ ಚಪ್ಪಲಿ ಇತ್ತು, ನೆಲ ಒಣಗಿತ್ತು, ಅದಕ್ಕೆ ಸಣ್ಣದಾಯಿತು. ಒದ್ದೆ ಮೈಯ ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. 230 ವೋಲ್ಟಿಗೆ ಅದು 230 ಮಿಲಿಆಂಪಿಯರ್. ಹೃದಯದ ಬಡಿತ ತಪ್ಪಿಸಲು ಇದರ ಕಾಲು ಭಾಗವೂ ಸಾಕಾಗಬಹುದು.

'ನಮ್ಮಲ್ಲಿ ಅರ್ಥಿಂಗ್ ಉಂಟು, ಎಂಸಿಬಿಯೂ ಉಂಟು' ಎನ್ನುವವರಿಗೂ ಒಂದು ಲೆಕ್ಕವಿದೆ. ನನಗೆ ಕ್ಲಾಸಿನಲ್ಲಿ ಅತ್ಯಂತ ಆಶ್ಚರ್ಯ ತಂದ ಲೆಕ್ಕ ಇದು. ನಮ್ಮ ಮನೆಗಳಿಗೆ ಮನೆಯದೇ ಅರ್ಥ್ ಗುಂಡಿ. ನಮ್ಮ ನೆಲ ಮುರಕಲ್ಲಿನದು. ಮಳೆಗಾಲದಲ್ಲಿ ನೀರು ಕುಡಿದು ತಣ್ಣಗಿರುವ ಅದೇ ನೆಲ ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗುತ್ತದೆ, ಗುಂಡಿಯ ರೋಧ ಏರುತ್ತದೆ. ಗುಂಡಿಯ ರೋಧ 10 ಓಮ್ ಎಂದೇ ಇಟ್ಟುಕೊಳ್ಳೋಣ. ಗೀಸರಿನ ಮೈಗೆ ಕರೆಂಟ್ ಬಂದಾಗ ಆ ಗುಂಡಿಯ ಮೂಲಕ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. ಬೋರ್ಡಿನಲ್ಲಿರುವ 20 ಆಂಪಿಯರಿನ ಎಂಸಿಬಿ ಇದನ್ನು ಸಣ್ಣ ಓವರ್‌ಲೋಡ್ ಎಂದು ತಿಳಿದು ಗಂಟೆಗಟ್ಟಲೆ ಸುಮ್ಮನಿರಬಹುದು. 16 ಆಂಪಿಯರಿನದು ಬೀಳಲೂ ಒಂದು ಗಂಟೆಯ ಹತ್ತಿರ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಗೀಸರಿನ ಮೈಮೇಲೆ 200 ವೋಲ್ಟಿನ ಆಸುಪಾಸು ಇರುತ್ತದೆ. ಎಂಸಿಬಿ ಇರುವುದು ತಂತಿಯನ್ನು ಉಳಿಸಲು, ಮನುಷ್ಯರನ್ನು ಉಳಿಸಲು ಅಲ್ಲ.

ಮನುಷ್ಯರನ್ನು ಉಳಿಸುವ ಸಾಧನ ಬೇರೆ. ಅದರ ಹೆಸರು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಎನ್ನುತ್ತಾರೆ. ಹೋದ ಕರೆಂಟ್ ಪೂರ್ತಿ ಹಿಂದೆ ಬಂತೇ ಎಂದು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೂ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕತ್ತರಿಸುತ್ತದೆ. ಸೋರಿಕೆ ದೊಡ್ಡದಾದರೆ ಇನ್ನೂ ಬೇಗ. ಗುಂಡಿಯ ರೋಧ 100 ಓಮ್‌ಗೆ ಏರಿದ್ದರೂ 30 ಮಿಲಿಆಂಪಿಯರಿಗೆ ಗೀಸರಿನ ಮೈಮೇಲೆ ಬರುವುದು 3 ವೋಲ್ಟ್ ಮಾತ್ರ. ಮುರಕಲ್ಲಿನ ನಾಡಿಗೆ ಇದಕ್ಕಿಂತ ಒಳ್ಳೆಯ ಜತೆಗಾರ ಬೇರಿಲ್ಲ. ಆದರೆ ಅರ್ಥಿಂಗ್ ಬೇಡ, ಇದೊಂದೇ ಸಾಕು ಎಂದಲ್ಲ. ಅರ್ಥಿಂಗ್ ಇದ್ದರೆ ಸೋರಿಕೆ ಶುರುವಾದ ಕೂಡಲೇ ಇದು ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ.

ಇನ್ನೊಂದು ಅಪಾಯಕಾರಿ ಅಡ್ಡದಾರಿ ಇದೆ. ಅರ್ಥ್ ಸಿಗದಿದ್ದಾಗ ಸಾಕೆಟ್ಟಿನ ಒಳಗೇ ನ್ಯೂಟ್ರಲ್ ತಂತಿಯಿಂದ ಒಂದು ತುಂಡು ಎಳೆದು ಅರ್ಥ್ ಪಿನ್ನಿಗೆ ಕೊಟ್ಟುಬಿಡುವುದು. ಟೆಸ್ಟ್ ಲ್ಯಾಂಪ್ ಉರಿಯುತ್ತದೆ, 'ಅರ್ಥ್ ಸರಿ ಉಂಟು' ಎಂಬ ಪ್ರಮಾಣಪತ್ರವೂ ಸಿಗುತ್ತದೆ. ಆದರೆ ನಮ್ಮ ಮಳೆಗಾಲ ನೆನಪಿಸಿಕೊಳ್ಳಿ. ಸುಬ್ರಹ್ಮಣ್ಯ, ಗುತ್ತಿಗಾರು, ನೆಲ್ಯಾಡಿ ಕಡೆ ಒಂದು ಗಾಳಿ ಮಳೆಗೆ ಎಷ್ಟು ಮರ ಲೈನಿನ ಮೇಲೆ ಬೀಳುತ್ತವೆ? ಮನೆಗೆ ಬರುವ ನ್ಯೂಟ್ರಲ್ ತಂತಿಯೊಂದೇ ತುಂಡಾದರೆ, ಆನ್ ಇರುವ ಯಾವುದೋ ಬಲ್ಬಿನ ಮೂಲಕ ಬಂದ ಫೇಸ್ ನೇರವಾಗಿ ಗೀಸರಿನ ಮೈಗೆ ಹೋಗುತ್ತದೆ. ಗೀಸರ್ ಸರಿಯಿದೆ, ಆದರೂ ಮುಟ್ಟಿದವರಿಗೆ ಶಾಕ್. ಉಳಿಸಬೇಕಾದ ಪಿನ್ನೇ ಕೊಲ್ಲುವ ಪಿನ್ ಆಗುತ್ತದೆ.

ಕಾನೂನು ಏನು ಹೇಳುತ್ತದೆ?

ಇಷ್ಟೆಲ್ಲ ತಪ್ಪುಗಳು ಹೊರಗಿನಿಂದ ಕಾಣುವುದಿಲ್ಲ ಎಂಬ ಕಾರಣಕ್ಕೇ ಕಾನೂನು ಇದೆ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದಲೂ ಇದೇ ಮಾತು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತೆಯ ನಿಯಮಾವಳಿ ತಂದಿತು, 2023ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಸಾರಾಂಶ ಒಂದೇ. ಮನೆಯವರು ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಮುಂತಾದವನ್ನು ಇದ್ದ ಹಾಗೆಯೇ ಬದಲಿಸಬಹುದು. ಆದರೆ ವೈರಿಂಗಿನ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗುವ ಯಾವುದೇ ಕೆಲಸ, ಅಂದರೆ ಹೊಸ ಲೈನ್ ಎಳೆಯುವುದು, ಇದ್ದದ್ದನ್ನು ಬದಲಿಸುವುದು, ಸರಿಪಡಿಸುವುದು, ರಾಜ್ಯ ಸರ್ಕಾರದ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಆಗಬೇಕು. ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ನೋಡಿಕೊಳ್ಳಬೇಕು, ಪರ್ಮಿಟ್ ಇರುವ ವೈರ್‌ಮನ್ ಕೆಲಸ ಮಾಡಬೇಕು. ಕರ್ನಾಟಕದಲ್ಲಿ ಈ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ.

ಹಾಗಾದರೆ ಹಾಳಾದ ಗೀಸರ್ ತೆಗೆದು ಅಷ್ಟೇ ಸಾಮರ್ಥ್ಯದ ಇನ್ನೊಂದನ್ನು ಅದೇ 16 ಆಂಪಿಯರಿನ ಸಾಕೆಟ್ಟಿಗೆ ಹಾಕುವುದು ಒಂದು ವಿಷಯ. ಲೈಟಿನ ಪಾಯಿಂಟನ್ನು ಗೀಸರ್ ಪಾಯಿಂಟ್ ಮಾಡುವುದು ಪೂರ್ತಿ ಬೇರೆ ವಿಷಯ. ಎರಡನೆಯದನ್ನು ಮನೆಯ ಯಜಮಾನರೂ ಮಾಡುವಂತಿಲ್ಲ, ಇಂಜಿನಿಯರಿಂಗ್ ಓದುವ ಅವರ ಮಕ್ಕಳೂ ಮಾಡುವಂತಿಲ್ಲ. ನಮ್ಮ ಅಂಕಪಟ್ಟಿ ಪರ್ಮಿಟ್ ಅಲ್ಲ. ಪದವಿ ಮುಗಿದ ಮೇಲೂ ಅದು ತಾನಾಗಿ ಪರವಾನಗಿ ಆಗುವುದಿಲ್ಲ.

ಇಲ್ಲೊಂದು ಹೋಲಿಕೆ ಮಾಡಬೇಕು. ಇಂಗ್ಲೆಂಡಿನಲ್ಲಿ 2005ರಿಂದ 'ಪಾರ್ಟ್ ಪಿ' ಎಂಬ ಕಟ್ಟಡ ನಿಯಮ ಇದೆ. ಅಲ್ಲಿ ಮನೆಯವರೇ ಶವರಿಗೆ ಹೊಸ ಸರ್ಕ್ಯೂಟ್ ಎಳೆಯಬಹುದು. ಆದರೆ ಮೊದಲೇ ಸ್ಥಳೀಯ ಆಡಳಿತದ ಕಟ್ಟಡ ವಿಭಾಗಕ್ಕೆ ತಿಳಿಸಬೇಕು, ಶುಲ್ಕ ಕಟ್ಟಬೇಕು, ಪರೀಕ್ಷೆ ಆಗಬೇಕು. ನೋಂದಾಯಿತ ಇಲೆಕ್ಟ್ರಿಷಿಯನ್ ಮಾಡಿದರೆ ಅವರೇ ಪ್ರಮಾಣಪತ್ರ ಕೊಡುತ್ತಾರೆ. ನಮ್ಮ ಕಾನೂನು ಕಾಗದದ ಮೇಲೆ ಅದಕ್ಕಿಂತ ಬಿಗಿ. ಆಚರಣೆಯಲ್ಲಿ? ಹೊಸ ಮನೆಗೆ ಮೆಸ್ಕಾಂ ಸಂಪರ್ಕ ಪಡೆಯುವಾಗ ಗುತ್ತಿಗೆದಾರರ ಸಹಿಯ ವರದಿ ಕೊಡುತ್ತೇವೆ. ಆಮೇಲೆ ಮೀಟರಿನಿಂದ ಈಚೆಗೆ ಏನಾಯಿತೆಂದು ಕೇಳುವವರಿಲ್ಲ. ಮೂವತ್ತು ವರ್ಷಗಳಲ್ಲಿ ಎಷ್ಟು ಕವಲು ಸೇರಿದರೂ ಕಡತದಲ್ಲಿ ಆ ಮನೆ ಇನ್ನೂ ನಾಲ್ಕು ಬಲ್ಬಿನ ಮನೆಯೇ. ಕಾಗದದ ಮೇಲೆ ಬಿಗಿಯಾಗಿದ್ದು ಬಚ್ಚಲುಮನೆಗೆ ತಲುಪದ ಕಾನೂನಿಗಿಂತ, ತಿಳಿಸಿ ಪರೀಕ್ಷೆ ಮಾಡಿಸಿಕೊಳ್ಳುವ ಪದ್ಧತಿ ಹೆಚ್ಚು ಜೀವ ಉಳಿಸೀತು ಎಂಬುದು ನನ್ನ ಅಭಿಪ್ರಾಯ.

ವೈರ್‌ಮನ್ ಬರಬೇಕಲ್ಲ!

ಇಷ್ಟು ಹೇಳಿದರೆ ಊರಿನವರು ಕೇಳುವ ಪ್ರಶ್ನೆ ನನಗೆ ಗೊತ್ತು. 'ಅದೆಲ್ಲ ಸರಿ, ವೈರ್‌ಮನ್ ಎಲ್ಲಿದ್ದಾರೆ? ಫೋನ್ ಮಾಡಿದರೆ ನಾಳೆ ಬರ್ತೇನೆ ಹೇಳ್ತಾರೆ, ಹದಿನೈದು ದಿನ ಆದರೂ ಬರುದಿಲ್ಲ.' ಈ ಮಾತಿನಲ್ಲಿ ಸತ್ಯವಿದೆ. ಡಾಮರು ರಸ್ತೆ ಮುಗಿದು ಮಣ್ಣಿನ ರಸ್ತೆಯಲ್ಲಿ ಎರಡು ಕಿಲೋಮೀಟರ್ ಒಳಗಿರುವ ಮನೆಗೆ ಒಂದು ಪಾಯಿಂಟಿಗಾಗಿ ಯಾರು ಬರುತ್ತಾರೆ? ಬಂದರೂ ದಿನದ ಸಂಬಳ, ದಪ್ಪ ತಂತಿ, ಆರ್‌ಸಿಸಿಬಿ ಎಲ್ಲ ಸೇರಿದರೆ ಗೀಸರಿಗಿಂತ ವೈರಿಂಗಿನ ಖರ್ಚೇ ಹೆಚ್ಚು ಎನಿಸಬಹುದು. ಆದರೆ ಗೀಸರ್ ಕೆಲವು ವರ್ಷಗಳಲ್ಲಿ ಗುಜರಿಗೆ ಹೋಗುತ್ತದೆ, ಒಳ್ಳೆಯ ವೈರಿಂಗ್ ದಶಕಗಟ್ಟಲೆ ಇರುತ್ತದೆ. ಲೆಕ್ಕ ಹಾಕಿದರೆ ಅಗ್ಗವಾದದ್ದು ಯಾವುದೆಂದು ತಿಳಿಯುತ್ತದೆ.

ಜನ ಸಿಗುವುದಿಲ್ಲ ಎಂಬ ಸಮಸ್ಯೆಯ ಇನ್ನೊಂದು ಬದಿಯಲ್ಲಿ ನಾವು, ಅಂದರೆ ಉದ್ಯೋಗ ಹುಡುಕುವವರು ನಿಂತಿದ್ದೇವೆ. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐಯಲ್ಲಿ ಇಲೆಕ್ಟ್ರಿಷಿಯನ್ ಟ್ರೇಡ್ ಸೇರಿದ. 'ಬರೇ ಐಟಿಐಯಾ?' ಎಂದು ಆಗ ಕೇಳಿದ ನೆಂಟರೇ ಬಹಳ. ಎರಡು ವರ್ಷದ ಕೋರ್ಸ್ ಮುಗಿಸಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾನೆ, ಪರ್ಮಿಟ್ ಮಾಡಿಸಿಕೊಳ್ಳುವ ತಯಾರಿಯಲ್ಲಿದ್ದಾನೆ. ನಾನು ಸೆಮಿಸ್ಟರ್ ಫೀಸಿಗೆ ಅಪ್ಪನ ಮುಖ ನೋಡುವಾಗ ಅವನು ಮನೆಗೆ ಅಕ್ಕಿ ತರುತ್ತಾನೆ. ನಾನು ಮೂರು ಪುಟ ಸಮೀಕರಣ ಬರೆದು ಕಂಡುಹಿಡಿಯುವ ದೋಷವನ್ನು ಅವನು ಸ್ಕ್ರೂ ಮುಟ್ಟಿ ಹೇಳುತ್ತಾನೆ. ನನ್ನ ಓದು ವ್ಯರ್ಥ ಎಂದಲ್ಲ. 13 ಆಂಪಿಯರ್ ಯಾಕೆ, 30 ಮಿಲಿಆಂಪಿಯರ್ ಯಾಕೆ ಎಂದು ವಿವರಿಸಬಲ್ಲೆ. ಆದರೆ ಗೋಡೆಯೊಳಗಿನ ಕೆಲಸ ಅವನದು. ಇಬ್ಬರೂ ಬೇಕು. ಒಬ್ಬರನ್ನು 'ಇಂಜಿನಿಯರ್' ಎಂದು ಕೂರಿಸಿ, ಇನ್ನೊಬ್ಬರನ್ನು 'ಕರೆಂಟಿನವ' ಎಂದು ಹಿತ್ತಿಲ ಬಾಗಿಲಿನಿಂದ ಕರೆಯುವ ಅಭ್ಯಾಸ ಮಾತ್ರ ಬಿಡಬೇಕು.

ಒಳ್ಳೆಯ ವೈರ್‌ಮನ್‌ಗಳ ಕೊರತೆ ಇದೆ ಎಂದು ಎಲ್ಲರೂ ದೂರುವ ತಾಲೂಕುಗಳಲ್ಲಿ ಕೆಲಸವಿಲ್ಲ ಎಂದು ದೂರುವ ಯುವಕರೂ ಇದ್ದಾರೆ. ಐಟಿಐ ಮುಗಿಸಿದವರು ಪರ್ಮಿಟಿಗೆ ಅರ್ಜಿ ಹಾಕುವುದನ್ನು ಮುಂದೂಡಬೇಡಿ. ಅದಿಲ್ಲದೆ ಮಾಡುವ ಕೆಲಸ ಇಂದು ಕೂಲಿ ಕೊಟ್ಟೀತು, ನಾಳೆ ಅವಘಡವಾದರೆ ಹೊಣೆ ನಿಮ್ಮ ತಲೆಗೇ ಬರುತ್ತದೆ. ಡಿಪ್ಲೊಮಾ, ಬಿ.ಇ. ಮಾಡಿದವರಿಗೂ ಸೂಪರ್‌ವೈಸರ್ ಪರವಾನಗಿಯ ದಾರಿ ಇದೆ. ಬೆಂಗಳೂರಿನ ಕಂಪೆನಿಯ ಆಫರ್ ಲೆಟರ್ ಮಾತ್ರ ಉದ್ಯೋಗವಲ್ಲ.

ಮಾಡಬಹುದಾದ ಕೆಲಸಗಳು

ಆಡಳಿತ ಮಾಡಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಮೆಸ್ಕಾಂ ಶಾಖಾ ಕಚೇರಿಯಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಆ ಭಾಗದ ಪರವಾನಗಿ ಪಡೆದ ಗುತ್ತಿಗೆದಾರರ ಹೆಸರು, ಫೋನ್ ನಂಬರ್ ಹಾಕಲಿ. ಪಡಿತರ ಅಂಗಡಿಯ ಸಮಯ ತಿಳಿಯುವಷ್ಟೇ ಸುಲಭವಾಗಿ ಇದೂ ತಿಳಿಯಲಿ. ಹಳೆ ಮನೆಗಳ ವೈರಿಂಗ್ ಪರೀಕ್ಷೆಗೆ ಒಂದು ನಿಗದಿತ, ಬಡವರಿಗೂ ಎಟಕುವ ದರ ಇರಲಿ. ಗೃಹಜ್ಯೋತಿಯಿಂದ ಬಿಲ್ಲಿನ ಹೊರೆ ಇಳಿದ ಮನೆಗಳಲ್ಲಿ ವಿದ್ಯುತ್ ಉಪಕರಣಗಳ ಆಸೆ ಸಹಜವಾಗಿ ಹೆಚ್ಚುತ್ತದೆ. ಯೂನಿಟ್ ಕೊಟ್ಟ ಸರ್ಕಾರ ಸುರಕ್ಷತೆಯ ಕಡೆಗೂ ನೋಡಲಿ.

ಕಾಲೇಜುಗಳಲ್ಲಿ ಅರ್ಥ್ ಟೆಸ್ಟರ್ ಇದೆ, ಮೆಗ್ಗರ್ ಇದೆ. ನಾವು ಲ್ಯಾಬಿನಲ್ಲಿ ಅದೇ ಗುಂಡಿಯನ್ನು ಪ್ರತಿ ಬ್ಯಾಚಿನಲ್ಲೂ ಅಳೆದು ರೆಕಾರ್ಡ್ ಬರೆಯುತ್ತೇವೆ. ಎನ್ಎಸ್ಎಸ್ ಶಿಬಿರಕ್ಕೆ ಹಳ್ಳಿಗೆ ಹೋಗುವಾಗ ಅಧ್ಯಾಪಕರು ಮತ್ತು ಪರವಾನಗಿ ಇರುವ ಸೂಪರ್‌ವೈಸರ್ ಒಬ್ಬರ ಜತೆ ಆ ಟೆಸ್ಟರನ್ನೂ ಒಯ್ಯೋಣ. ಏಪ್ರಿಲ್‌ನ ಒಣ ನೆಲದಲ್ಲಿ ಅಳೆದು, ಮನೆಯವರ ಕೈಗೆ ಒಂದು ಚೀಟಿ ಕೊಡೋಣ. ರಿಪೇರಿ ಮಾಡುವುದು ಬೇಡ, ಅಳೆದು ಹೇಳಿದರೆ ಸಾಕು. ರಸ್ತೆ ಬದಿ ಕಸ ಹೆಕ್ಕಿದ ಫೋಟೊಕ್ಕಿಂತ ಆ ಚೀಟಿ ಹೆಚ್ಚು ದಿನ ಉಳಿಯುತ್ತದೆ.

ಮನೆಯಲ್ಲಿ ಗೀಸರ್ ಹಾಕುವವರಿದ್ದರೆ ನಾವು ಕೇಳಬೇಕಾದ ಪ್ರಶ್ನೆಗಳು ಇಷ್ಟೇ. ಗೀಸರಿಗೆ ಬೋರ್ಡಿನಿಂದ ಬೇರೆಯೇ ಲೈನ್ ಬಂದಿದೆಯೇ? ತಂತಿ ಐಎಸ್‌ಐ ಗುರುತಿನದೇ, ಎಷ್ಟು ದಪ್ಪ? ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಿಪಿ ಸ್ವಿಚ್ ಇದೆಯೇ, ಅದು ಶವರಿನ ನೀರು ತಾಗದ, ಒದ್ದೆ ಕೈ ನಿಲುಕದ ಜಾಗದಲ್ಲಿ ಇದೆಯೇ? ಹಸಿರು ತಂತಿ ಎಲ್ಲಿಗೆ ಹೋಗಿ ಸೇರುತ್ತದೆ, ತೋರಿಸುತ್ತೀರಾ? 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ? ಕೆಲಸ ಮುಗಿದ ಮೇಲೆ ಗುತ್ತಿಗೆದಾರರ ಪರವಾನಗಿ ಸಂಖ್ಯೆ ಇರುವ ಬಿಲ್ ಸಿಗುತ್ತದೆಯೇ? ಹೊರೆ ಹೆಚ್ಚಾಗಿದ್ದರೆ ಮೆಸ್ಕಾಂಗೆ ಅರ್ಜಿ ಹಾಕಿದ್ದೇವೆಯೇ? ಹೀಗೆ ಕೇಳಿದರೆ ಒಳ್ಳೆಯ ಕೆಲಸಗಾರರಿಗೆ ಸಿಟ್ಟು ಬರುವುದಿಲ್ಲ, ಕೇಳುವವರೊಬ್ಬರು ಸಿಕ್ಕಿದರಲ್ಲ ಎಂದು ಖುಷಿಯಾಗುತ್ತದೆ. ಸಿಟ್ಟು ಬಂದರೆ ಅದೇ ಒಂದು ಉತ್ತರ.

ಇನ್ನು ಈಗಾಗಲೇ ಗೀಸರ್ ಇರುವ ಮನೆಯವರು ಒಂದು ನಿಮಿಷದ ಕೆಲಸ ಮಾಡಿ. ಬೋರ್ಡಿನಲ್ಲಿ ಆರ್‌ಸಿಸಿಬಿ ಇದ್ದರೆ ಅದರ ಮೇಲೆ 'ಟಿ' ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿ. ಕೂಡಲೇ ಕರೆಂಟ್ ಹೋದರೆ ಸಾಧನ ಕೆಲಸ ಮಾಡುತ್ತಿದೆ ಎಂದರ್ಥ, ಮತ್ತೆ ಮೇಲೆತ್ತಿ, ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಿ. ಕರೆಂಟ್ ಹೋಗದಿದ್ದರೆ, ಅಥವಾ ಅಂಥ ಗುಂಡಿಯೇ ನಿಮ್ಮ ಬೋರ್ಡಿನಲ್ಲಿ ಇಲ್ಲದಿದ್ದರೆ, ಗೀಸರಿನ ಸ್ವಿಚ್ ಆಫ್ ಮಾಡಿ, ಪರ್ಮಿಟ್ ಇರುವವರಿಗೆ ಇವತ್ತೇ ಒಂದು ಫೋನ್ ಮಾಡಿ. ಅವರು ಬರುವವರೆಗೆ ಹಂಡೆ ಇದ್ದೇ ಇದೆಯಲ್ಲ.